ಸೊಸೆಗೊಂದು ನಿಶ್ಶಬ್ದದ ಕೋಣೆ

ಅಂಗಡಿಯ ಕೀಲಿಕೈಯನ್ನು ಮಗನಿಗೆ ಒಪ್ಪಿಸಿ ಮನೆಯಲ್ಲಿ ಕುಳಿತ ಮನುಷ್ಯನಷ್ಟು ಅಪಾಯಕಾರಿ ಪ್ರಾಣಿ ಇನ್ನೊಂದಿಲ್ಲ. ಇದು ನಾನು ದೂರ ನಿಂತು ಹೇಳುವ ಮಾತಲ್ಲ. ಆ ಪ್ರಾಣಿ ನಾನೇ. ಸೊಲ್ಲಾಪುರದಲ್ಲಿ ನಮ್ಮದು ಚಾದರ ಮತ್ತು ಟಾವೆಲ್‌ಗಳ ಸಗಟು ವ್ಯಾಪಾರ. ಹುಡುಗನಿದ್ದಾಗ ನಾನು ಓದಿದ್ದು ಮಠದ ಬೋರ್ಡಿಂಗಿನಲ್ಲಿ. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಮಲಗುವುದಕ್ಕೂ ಗಂಟೆ. ಬೋರ್ಡಿಂಗು ಬಿಟ್ಟು ಬಂದರೂ ಗಂಟೆ ನನ್ನನ್ನು ಬಿಡಲಿಲ್ಲ. ಮುಂದೆ ಅಂಗಡಿಯಲ್ಲೂ ಅದೇ ಶಿಸ್ತು. ಗೋದಾಮಿನ ಈ ತುದಿಯಲ್ಲಿ ಗಾದಿಯ ಮೇಲೆ ಕುಳಿತೇ ಆ ತುದಿಯ ಹಮಾಲರಿಂದ ಗಂಟು ಎತ್ತಿಸುತ್ತಿದ್ದೆ. ಅಂಗಡಿ ಮಗನ ಕೈಗೆ ಹೋದ ಮೇಲೆ ಶಿಸ್ತಿಗೆ ತರಲು ನನಗೆ ಉಳಿದದ್ದು ಮನೆ ಒಂದೇ. ಚಪ್ಪಲಿಗಳನ್ನು ಸಾಲಾಗಿ ನಿಲ್ಲಿಸಿದೆ. ಅಡುಗೆಮನೆಯ ಡಬ್ಬಿಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸಿದೆ. ಮರುದಿನ ನನ್ನ ಹೆಂಡತಿ ಶಾಂತಾ ಜೀರಿಗೆ ಹುಡುಕುತ್ತ ಒಗ್ಗರಣೆ ಸುಟ್ಟುಕೊಂಡಳು. “ಇನ್ನೊಮ್ಮಿ ಡಬ್ಬಿ ಮುಟ್ಟಿದ್ರ ನಿಮ್ಮನ್ನ ಅಂಗಡಿಗೆ ವಾಪಸ್ ಕಳಸ್ತೀನಿ ನೋಡ್ರಿ” ಎಂದಳು. ಅಂಗಡಿಯವರು ನನ್ನನ್ನು ತೆಗೆದುಕೊಳ್ಳುತ್ತಿರಲಿಲ್ಲ, ಅದು ಬೇರೆ ಮಾತು.

ಹೀಗೆ ನಾನು ಕೆಲಸ ಹುಡುಕುತ್ತಿದ್ದಾಗಲೇ ನಮ್ಮ ಸೊಸೆ ಸವಿತಾಳಿಗೆ ಒಂದು ಕೆಲಸ ಹುಡುಕಿಕೊಂಡು ಬಂತು. ಅವಳು ಅಕ್ಕಲಕೋಟೆಯವಳು. ಮದುವೆಗೆ ಮೊದಲು ಅಲ್ಲಿಯ ಕನ್ನಡ ಶಾಲೆಯಲ್ಲಿ ಕಲಿಸುತ್ತಿದ್ದಳು. ಮದುವೆ, ಮಗು ಎಂದು ಬಿಟ್ಟಳು. ನಮ್ಮ ಕಡೆಯ ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓಣಿಗೆ ಇಳಿದರೆ ಮರಾಠಿ. ಕನ್ನಡ ಪುಸ್ತಕ ಕೈಗೆ ಕೊಟ್ಟರೆ ಚಿತ್ರ ನೋಡಿ ವಾಪಸ್ ಕೊಡುತ್ತಾರೆ. ಅಂಥ ಮಕ್ಕಳು ಕೂಡ ಸವಿತಾ ಕತೆ ಓದುತ್ತಾಳೆಂದರೆ ಆಟ ಬಿಟ್ಟು ನಮ್ಮ ಕಟ್ಟೆಗೆ ಬಂದು ಕೂಡುತ್ತಾರೆ. ಕತೆಗಳನ್ನು ಓದಿಸಿ ಫೋನಿನಲ್ಲಿ ಕೇಳಿಸುವ ಒಂದು ಕಂಪನಿಯವರಿಗೆ ನಮ್ಮ ಕಡೆಯ ಮಾತಿನಲ್ಲಿ ಜನಪದ ಕತೆ ಓದುವವರು ಬೇಕಾಗಿದ್ದರು. ಮನೆಯಲ್ಲೇ ಕುಳಿತು ಓದಿ ಕಳಿಸಬಹುದು. ಸವಿತಾ ಒಂದು ಕತೆಯನ್ನು ಮಾದರಿಗೆಂದು ಓದಿ ಕಳಿಸಿದಳು. ದನಿ ಬಹಳ ಸೇರಿದೆ, ಆದರೆ ಹಿಂದೆ ಸಪ್ಪಳವಿದೆ, ಇನ್ನೊಮ್ಮೆ ಕಳಿಸಿರಿ ಎಂದು ಉತ್ತರ ಬಂತು.

ಆ ರಾತ್ರಿ ಊಟಕ್ಕೆ ಸವಿತಾ ನನ್ನ ತಟ್ಟೆಗೆ ಶೇಂಗಾ ಚಟ್ನಿ ಬಡಿಸುವುದನ್ನೇ ಮರೆತಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ದುಃಖದ ಗುರುತು ಬೇರೆ ಇಲ್ಲ.

“ಏನಾತವ್ವಾ?” ಎಂದು ಸವಿತಾಳನ್ನು ಕೇಳಿದೆ.

“ಸಪ್ಪಳ ಬಾಳ ಬರ್ತದಂತ್ರಿ ಮಾವಾರ. ಹಿಂಗs ಆದ್ರ ಕೆಲಸಾ ಸಿಗೂದಿಲ್ಲ.”

“ಯಾತರ ಸಪ್ಪಳ?”

ಸವಿತಾ ಅತ್ತೆಯ ಮುಖ ನೋಡಿದಳು. ಅತ್ತೆ ಭಕ್ರಿಯ ಮುಖ ನೋಡಿದಳು. “ಸಪ್ಪಳರಿ... ಹಂಗs, ಹೊರಗಿಂದು” ಎಂದಳು ಸವಿತಾ.

ನನಗೆ ತಕ್ಷಣ ತಿಳಿಯಿತು. ಎದುರು ಓಣಿಯ ನರಸಯ್ಯನ ಮಗ್ಗಗಳು! ಬೆಳಗಿನಿಂದ ಸಂಜೆಯವರೆಗೆ ಖಟಕ್-ಪಟಕ್, ಖಟಕ್-ಪಟಕ್. ಮರುದಿನವೇ ಹೋಗಿ ಅವನನ್ನು ಹಿಡಿದೆ.

“ನರಸಯ್ಯಾ, ನಿನ್ನ ಮಗ್ಗ ನಮ್ಮ ಸೊಸಿ ಕೆಲಸಾ ತಿನ್ನಾಕತ್ತದ ನೋಡಪಾ.”

ನರಸಯ್ಯ ತಂಬಾಕು ತಿಕ್ಕುತ್ತ ನಕ್ಕ. “ಅಣ್ಣಾರ, ನಿಮ್ಮ ಅಂಗಡಿ ಟಾವೆಲ್ ಆಗೂದು ಇದs ಮಗ್ಗದಾಗ. ಇಷ್ಟ ವರ್ಷ ಈ ಸಪ್ಪಳ ನಿಮಗ ಸನಾದಿ ಕೇಳಿಧಂಗ ಆಗ್ತಿತ್ತು. ಅಂಗಡಿ ಬಿಟ್ಟ ಕೂಡಲೆ ಕಿವ್ಯಾಗ ಚುಚ್ಚಾಕತ್ತದೇನ್ರಿ?”

ಮಗ್ಗ ನಿಲ್ಲಿಸುವುದು ಆಗದ ಮಾತು. ಆದ್ದರಿಂದ ದನಿಯನ್ನೇ ನಿಲ್ಲಿಸಬೇಕು. ಮನೆಯ ಮುಂಭಾಗದಲ್ಲಿ, ಓಣಿಯ ಬದಿಗೆ, ಮೊದಲು ಚಾದರದ ಗಂಟು ಇಡುತ್ತಿದ್ದ ಒಂದು ಖಾಲಿ ಕೋಣೆಯಿತ್ತು. ಅದನ್ನು ಸೊಸೆಯ ಸ್ಟುಡಿಯೋ ಮಾಡುತ್ತೇನೆಂದು ಊಟದ ಹೊತ್ತಿನಲ್ಲಿ ಘೋಷಿಸಿದೆ. ಸವಿತಾ ಏನೋ ಹೇಳಲು ಬಾಯಿ ತೆರೆದಳು. ಶಾಂತಾ ಅವಳ ಕಾಲು ತುಳಿದದ್ದು ನನಗೆ ಕಂಡಿತು, ಅರ್ಥವಾಗಲಿಲ್ಲ.

ದನಿಯ ವಿಷಯದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಹೊರಗಿನ ದನಿ ಒಳಗೆ ಬರದಂತೆ ತಡೆಯುವುದು ಒಂದು, ಒಳಗಿನ ದನಿ ಗೋಡೆಗೆ ಬಡಿದು ಗುಂಯ್ ಎನ್ನದಂತೆ ನೋಡಿಕೊಳ್ಳುವುದು ಇನ್ನೊಂದು. ಮೊದಲನೆಯದಕ್ಕೆ ಭಾರ ಬೇಕು, ಎರಡನೆಯದಕ್ಕೆ ಮೆತ್ತನೆಯದು ಬೇಕು. ಇದನ್ನು ಈಗ ಸುಲಭವಾಗಿ ಹೇಳುತ್ತಿದ್ದೇನೆ. ಆಗ ನನಗೆ ತಿಳಿದಿರಲಿಲ್ಲ. ಜೀವಮಾನವೆಲ್ಲ ಚಾದರ ಮಾರಿದವನಿಗೆ ಲೋಕದ ಯಾವ ತೊಂದರೆಯೂ ಚಾದರಕ್ಕೆ ಮೀರಿದ್ದಲ್ಲ ಎನ್ನುವ ನಂಬಿಕೆಯಿರುತ್ತದೆ. ಅಂಗಡಿಯಿಂದ ಅತ್ಯಂತ ದಪ್ಪನೆಯ ಮಾಲು ತರಿಸಿ ನಾಲ್ಕೂ ಗೋಡೆಗೆ ಎರಡೆರಡು ಪದರ ತೂಗುಹಾಕಿದೆ. ಚಾದರಗಳ ಮೇಲೆ ನೇಯ್ದ ಚಿತ್ರಗಳಿಂದ ಕೋಣೆಯ ತುಂಬ ನವಿಲುಗಳು. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಚಪ್ಪಾಳೆ ಕೈಯಲ್ಲೇ ಸತ್ತುಹೋಯಿತು. ಹಿಗ್ಗಿದೆ. ಆಮೇಲೆ ಸುಮ್ಮನೆ ನಿಂತು ಕೇಳಿದರೆ, ನವಿಲುಗಳ ಹಿಂದಿನಿಂದ ಖಟಕ್-ಪಟಕ್, ಖಟಕ್-ಪಟಕ್. ಮನೆಗೆ ಬೀಗರು ಬಂದಷ್ಟು ಆರಾಮವಾಗಿ ಒಳಗೆ ಬರುತ್ತಿತ್ತು.

ಆಗ ಯಾರೋ ಹೇಳಿದರು, ಗೋಡೆಗೆ ತತ್ತಿಯ ಟ್ರೇ ಬಡಿಯಿರಿ, ಸ್ಟುಡಿಯೋದವರೆಲ್ಲ ಹಾಗೆಯೇ ಮಾಡುತ್ತಾರೆ ಎಂದು. ಹೇಳಿದವರಿಗೆ ಅದು ಸುಲಭ. ನಮ್ಮದು ಲಿಂಗಾಯತರ ಮನೆ. ತತ್ತಿ ಎನ್ನುವ ಮಾತನ್ನೂ ಅಡುಗೆಮನೆಯಲ್ಲಿ ಆಡುವುದಿಲ್ಲ. ಆದರೂ ಸೊಸೆಯ ಕೆಲಸದ ಪ್ರಶ್ನೆ. ಹನ್ನೂರಿನಲ್ಲಿರುವ ನಮ್ಮ ಹೊಲಕ್ಕೆ ಹೋಗಿ ಬರುವಾಗ ಕುಂಭಾರಿಯ ಹತ್ತಿರದ ಒಂದು ಕೋಳಿ ಫಾರ್ಮಿನಲ್ಲಿ ಖಾಲಿ ಟ್ರೇಗಳನ್ನು ಕೇಳಿ ಪಡೆದು, ಚಾದರದಲ್ಲಿ ಗಂಟು ಕಟ್ಟಿ, ಕಳ್ಳಮಾಲು ತಂದಂತೆ ತಂದೆ. ಆಟೋದಿಂದ ಇಳಿಯುವಾಗ ಗಂಟು ಬಿಚ್ಚಿಕೊಂಡು ಟ್ರೇಗಳೆಲ್ಲ ಓಣಿಯಲ್ಲಿ ಹರಡಿದವು.

ಶಾಂತಾ ಬಾಗಿಲಲ್ಲೇ ತಡೆದಳು. “ಲಿಂಗ ಕಟ್ಟಿದ ಮನ್ಯಾಗ ಏನ್ ತಂದೀರಿ ಇದು?”

“ಖಾಲಿ ಅದಾವ, ನೋಡು.”

“ಖಾಲಿ ಅದಾವ ಅಂತs ಹೇಳಾಕತ್ತೀನಿ. ತುಂಬಿದ್ದ ತಂದಿದ್ರ ಯಾರಿಗೋ ಕೊಡಾಕ ಒಯ್ದಾರ ಅಂತಿದ್ರು ಮಂದಿ. ಖಾಲಿ ಅಂದ್ರ ಒಳಗಿಂದು ಯಾರ ತಿಂದ್ರು ಅಂತ ಕೇಳೂದಿಲ್ಲೇನ್ರಿ?”

ಅವಳು ಹೇಳಿದಂತೆಯೇ ಆಯಿತು. ಮರುದಿನ ಗುಡಿಯಲ್ಲಿ ನನ್ನ ವಯಸ್ಸಿನವರೊಬ್ಬರು ಬದಿಗೆ ಕರೆದು, “ಡಾಕ್ಟರ್ ಹೇಳಿದ್ರ ಔಷಧಾ ಅಂತ ತಿಳೀಬೇಕ್ರಿ, ಮನಸಿಗೆ ಹಚ್ಕೋಬ್ಯಾಡ್ರಿ” ಎಂದು ಸಮಾಧಾನ ಹೇಳಿದರು. ಇಷ್ಟು ಮಾನ ಕಳೆದುಕೊಂಡು ಗೋಡೆಗೆ ಬಡಿದ ಟ್ರೇಗಳಿಂದ ಮಗ್ಗದ ಸಪ್ಪಳ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಇರುವೆಗಳು ಮಾತ್ರ ಹೆಚ್ಚಾದವು.

ಕೊನೆಗೆ ಶಿಸ್ತಿನಿಂದ ಮೊದಲಿನಿಂದ ಶುರುಮಾಡಿದೆ. ಟ್ರೇ ಕಿತ್ತೆ. ಕಿಟಕಿಗೆ ಇಟ್ಟಂಗಿ ಕಟ್ಟಿಸಿದೆ. ಹಳೆಯ ಗೋಡೆಗೆ ತಾಗದಂತೆ, ನಡುವೆ ಗೇಣು ಜಾಗ ಬಿಟ್ಟು, ಒಳಗೊಂದು ಹೊಸ ಗೋಡೆ ಎಬ್ಬಿಸಿದೆ, ಕೋಣೆಯೊಳಗೊಂದು ಕೋಣೆ. ಒಂದರ ಹಿಂದೊಂದು ಎರಡು ಭಾರದ ಬಾಗಿಲು, ಅಂಚಿಗೆಲ್ಲ ರಬ್ಬರಿನ ಪಟ್ಟಿ. ಗಾಳಿ ಬರುವ ಕೊಳವೆಗೆ ಎರಡು ಕಡೆ ಮುರುವು ಕೊಟ್ಟೆ. ಗಾಳಿ ತಿರುಗಿ ತಿರುಗಿ ಬಂದೀತು, ದನಿ ತಿರುಗುವಷ್ಟರಲ್ಲಿ ದಣಿದೀತು ಎನ್ನುವ ಲೆಕ್ಕ. ಎಲ್ಲ ಮುಗಿದ ಮೇಲೆ ನವಿಲುಗಳು ಮತ್ತೆ ಒಳಗೋಡೆಗೆ ಬಂದವು. ಎರಡೂ ಬಾಗಿಲು ಹಾಕಿಕೊಂಡರೆ ನರಸಯ್ಯನ ಮಗ್ಗ ಲೋಕದಲ್ಲೇ ಇಲ್ಲ.

ಒಂದೇ ತೊಂದರೆ. ಒಳಗೆ ಫ್ಯಾನು ಹಾಕಿದರೆ ಅದರ ದನಿಯೂ ಕತೆಯೊಳಗೆ ಸೇರುತ್ತದೆ. ಎಸಿಯದೂ ಅದೇ ಗತಿ. ಸೊಲ್ಲಾಪುರದ ಬಿಸಿಲಿನಲ್ಲಿ ಫ್ಯಾನಿಲ್ಲದೆ, ಎರಡು ಗೋಡೆಯ ಮುಚ್ಚಿದ ಕೋಣೆಯಲ್ಲಿ ಕೂತರೆ ಮನುಷ್ಯ ಭಟ್ಟಿಯ ಭಕ್ರಿಯಾಗುತ್ತಾನೆ. ಟಾವೆಲ್‌ಗೆ ನಮ್ಮಲ್ಲಿ ಬರವಿಲ್ಲ, ಆದರೆ ಉಸಿರಾಡಬೇಕಲ್ಲ. ಹಾಗಾಗಿ ಸವಿತಾ ಬಾಗಿಲುಗಳನ್ನು ನಾಲ್ಕು ಬೆರಳಷ್ಟು ತೆರೆದಿಟ್ಟು ಓದುವುದೆಂದು ಠರಾಯಿಸಿದೆವು. ಆ ನಾಲ್ಕು ಬೆರಳಿನ ಸಂದಿಯನ್ನು ಕಾಯುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ವಾರದ ರಜೆಗೆ ನರಸಯ್ಯನ ಮಗ್ಗ ನಿಂತಿದ್ದ ದಿನ ನೋಡಿ ಸವಿತಾಳನ್ನು ಒಳಗೆ ಕೂಡಿಸಿ, ಬಾಗಿಲ ಮುಂದೆ ಸ್ಟೂಲು ಹಾಕಿಕೊಂಡು ಕುಳಿತೆ.

ಎಂಥ ಕಾವಲು ಕಾದೆ ಎಂದರೆ ಹೇಳತೀರದು. ಕಾಯಿಪಲ್ಲೆ ಮಾರುವ ಭಾಜಿಯವಳು ಓಣಿಗೆ ಕಾಲಿಡುತ್ತಿದ್ದಂತೆ, “ಏ ಬಾಯಿ, ಹಳೂ ಬೋಲ! ರೆಕಾರ್ಡಿಂಗ್ ಚಾಲೂ ಆಹೇ!” ಎಂದು ಮರಾಠಿಯಲ್ಲಿ ಮೆಲ್ಲಗೆ ಮಾತಾಡಲು ಹೇಳಿ ತಡೆದೆ. ಅವಳು ಇನ್ನೂ ಮಾತಾಡಿರಲಿಲ್ಲ. ಹಳೆಯ ಕಬ್ಬಿಣ ಕೊಳ್ಳುವ ಭಂಗಾರದವನನ್ನು ತಿರುಗಿಸಿ ಕಳಿಸಿದೆ. ಶಾಂತಾಳಿಗೆ ಕುಳಿತಲ್ಲಿಂದಲೇ, “ಕುಕ್ಕರ್ ಸೀಟಿ ಹೊಡಸಬ್ಯಾಡ!” ಎಂದೆ.

“ಕುಕ್ಕರ್ ಕಿವ್ಯಾಗ ಹೇಳಿ ಬರ್ಲೇನ್ರಿ?” ಎಂದು ಅವಳು ಅಡುಗೆಮನೆಯಿಂದ ಕೇಳಿದಳು.

“ನೀನೂ ಮಾತಾಡಬ್ಯಾಡ!” ಎಂದೆ.

ಕಂಪನಿಯವರ ಉತ್ತರ ಬಂತು. ಇನ್ನೂ ಸಪ್ಪಳವಿದೆ. ಒಂದೇ ಒಂದು ಅವಕಾಶ ಕೊಡುತ್ತೇವೆ, ಅದೂ ಸರಿಯಾಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದರು. ಸವಿತಾಳ ಕಣ್ಣು ಕೆಂಪಾಗಿತ್ತು. ಶಾಲೆ ಬಿಟ್ಟ ಮೇಲೆ ಅವಳು ತನಗೆಂದು ಬಯಸಿದ್ದು ಇದೊಂದನ್ನೇ. ಅದು ನನಗೂ ಗೊತ್ತಿತ್ತು. ನನಗೆ ಸಿಟ್ಟು ತಡೆಯಲಾಗಲಿಲ್ಲ. “ಮಗ್ಗ ಬಂದ್, ಓಣಿ ಬಂದ್, ಕುಕ್ಕರ್ ಬಂದ್! ಇನ್ನ ಸಪ್ಪಳ ಮಾಡಾಂವ ಅದಾನ ಯಾರು ಮನ್ಯಾಗ?” ಎಂದು ಗುಡುಗಿದೆ. ಶಾಂತಾ ಸವಿತಾಳನ್ನು ಕರೆದುಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಸವಿತಾ ಸೆರಗು ಸರಿಪಡಿಸಿಕೊಳ್ಳುತ್ತ ಬಂದು ನಿಂತಳು. “ಮಾವಾರ, ಒಂದ್ ಮಾತು. ಕಟ್ಟಿದವರು ನೀವು. ನಿಮ್ಮಷ್ಟ ಯಾರಿಗೂ ತಿಳಿಯೂದಿಲ್ಲ. ಎರಡೂ ಬಾಗಲಾ ಗಟ್ಟಿ ಹಾಕ್ಕೊಂಡು ನೀವs ಒಳಗ ಕೂತು, ಹೊರಗಿಂದು ಏನರ ಕೇಳ್ತದೇನು ತಪಾಸ ಮಾಡ್ತೀರೇನ್ರಿ? ನಾ ಬಂದು ಕರಿಯೂತನಾ ಹೊರಗ ಬರಬ್ಯಾಡ್ರಿ.”

ಇಷ್ಟು ಅಚ್ಚುಕಟ್ಟಾದ ಯೋಜನೆ ನನಗೆ ಹೊಳೆಯಲಿಲ್ಲವಲ್ಲ ಎಂದು ಮೆಚ್ಚಿಕೊಂಡೆ. ಒಳಗೆ ಹೋಗಿ, ಕಿವಿ ನೆಟ್ಟಗೆ ಮಾಡಿಕೊಂಡು, ಬೆವರಿನಲ್ಲಿ ತೊಯ್ದು ಕುಳಿತೆ. ನನ್ನ ಎದೆ ಬಡಿಯುವುದು ಬಿಟ್ಟರೆ ಏನೂ ಕೇಳಲಿಲ್ಲ. ಅವಳು ಬಂದು ಬಾಗಿಲು ತೆರೆದಾಗ, “ಒಂದ್ ಇರಿವಿ ನಡದದ್ದೂ ಕೇಳಲಿಲ್ಲವ್ವಾ! ಇನ್ನ ಖುಶಾಲ ಓದು” ಎಂದೆ. “ಹೌದ್ರಿ ಮಾವಾರ” ಎಂದಳು. ಮುಖ ಅರಳಿತ್ತು.

ವಾರ ಕಳೆಯುವುದರೊಳಗೆ ಕೆಲಸ ಸಿಕ್ಕಿತು. ದನಿ ಗಾಜಿನಷ್ಟು ಸ್ವಚ್ಛವಾಗಿದೆ ಎಂದು ಬರೆದಿದ್ದರಂತೆ. ನಾನು ಓಣಿಗೆಲ್ಲ ಪೇಢೆ ಹಂಚಿದೆ. ನರಸಯ್ಯನನ್ನು ಕರೆತಂದು ಒಂದೊಂದು ಗೋಡೆಯನ್ನೂ ತಟ್ಟಿ ತೋರಿಸಿ, ಭಾರ, ಸಂದಿ, ಮುರುವು ಎಂದು ಪಾಠ ಹೇಳಿದೆ. ಅವನು ಎರಡನೆಯ ಪೇಢೆಗೆ ಕೈ ಹಾಕುತ್ತ, “ಭಾರಿ ಆಗೇದ್ರಿ ಅಣ್ಣಾರ” ಎಂದ. ಆ ಸಂಜೆ ಮಗನ ಮುಂದೆ ಇದೇ ಪಾಠ ಮತ್ತೆ ಶುರುಮಾಡಿದಾಗ ಶಾಂತಾಳ ತಾಳ್ಮೆ ಮುಗಿಯಿತು.

“ಸಾಕ್ರಿ ಹೊಗಳ್ಕೊಳ್ಳೂದು. ಅಕಿ ಓದಿದ್ದು ಆ ಖೋಲ್ಯಾಗಲ್ಲ. ಹಿಂದಿನ ಮಲಗೂ ಖೋಲ್ಯಾಗ ಕೌದಿ ಹೊಚ್ಕೊಂಡು ಓದ್ಯಾಳ. ನರಸಯ್ಯನ ಮಗ್ಗ ಅವತ್ತ ಚಾಲೂನ ಇತ್ತು. ಅಲ್ಲೀತನಾ ಅದು ಕೇಳೂದs ಇಲ್ಲ.”

“ಮತ್ತ ನಾ ಎಲ್ಲಿದ್ದೆ?”

“ನೀವು ಸ್ಟುಡಿಯೋದಾಗ ಇದ್ರಿ. ತಪಾಸಕ್ಕ.”

ನನಗೆ ಇನ್ನೂ ತಿಳಿಯಲಿಲ್ಲ. ಶಾಂತಾ ಸೊಸೆಯ ಫೋನು ತೆಗೆದುಕೊಂಡು ತಿರಸ್ಕೃತವಾದ ಎರಡನೆಯ ಕತೆಯನ್ನು ಹಚ್ಚಿದಳು. ಸವಿತಾಳ ಮೃದುವಾದ ದನಿ. ರಾಜನ ಮಗಳು ಬಾವಿಯ ಕಟ್ಟೆಗೆ ಬಂದು ನಿಂತಳಂತೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ದಾಂಡಿಗನ ದನಿ ಎದ್ದಿತು. ರಾಜನ ಮಗಳು ಬಾವಿಗೆ ಬೀಳದಿದ್ದದ್ದೇ ಹೆಚ್ಚು.

“ಯಾರಿಂವ, ಇಷ್ಟ ಒದರಾಂವ?” ಎಂದು ನಾನು ನಿಜವಾಗಿಯೇ ಕೇಳಿದೆ.

ಮಗ ಎದ್ದು ನೀರು ಕುಡಿಯಲು ಹೋದ. ಸವಿತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ನೀವs ರಿ!” ಎಂದಳು ಶಾಂತಾ. “ಹಮಾಲರನ್ನ ಕರದು ಕರದು ಹಂಗಾಗೇದ ಗಂಟಲ. ಮೊದಲನೇದ್ರಾಗ ಕೆಮ್ಮೂದು, ಪೂಜಿ ಗಂಟಿ, ಚಪ್ಪಲ್ ಯಾಕ ಸಾಲಿನ್ಯಾಗಿಲ್ಲ ಅಂದದ್ದು, ಎಲ್ಲಾ ಅದ. ಹಚ್ಚಲೇನ್ರಿ?”

ಬೇಡವೆಂದೆ. ಸವಿತಾ ನೆಲ ನೋಡುತ್ತ, “ನಿಮಗ ಹೆಂಗ ಹೇಳ್ಬೇಕ್ರಿ ಮಾವಾರ... ದೊಡ್ಡವರು” ಎಂದಳು. ನಮ್ಮಲ್ಲಿ ಸೊಸೆ ಮಾವನಿಗೆ ‘ಸ್ವಲ್ಪ ಸುಮ್ಮನಿರಿ’ ಎನ್ನುವ ಪದ್ಧತಿ ಇಲ್ಲ. ಮಾವ ಇಟ್ಟಂಗಿಯ ಗೋಡೆ ಎಬ್ಬಿಸಬಹುದು, ಕೋಳಿ ಫಾರ್ಮಿಗೆ ಹೋಗಿ ಮಾನ ಕಳೆದುಕೊಳ್ಳಬಹುದು. ಸೊಸೆ ಮಾತ್ರ ಆ ಒಂದು ಮಾತು ಹೇಳುವಂತಿಲ್ಲ. ಎರಡು ದಿನ ನಾನು ಪಿಸುಮಾತಿನಲ್ಲೇ ಇರಲು ಪ್ರಯತ್ನಿಸಿದೆ. ನನ್ನ ಪಿಸುಮಾತು ನರಸಯ್ಯನಿಗೆ ಕೇಳಿಸಿ ಅವನು ಓಗೊಟ್ಟ ಮೇಲೆ ಬಿಟ್ಟುಬಿಟ್ಟೆ.

ಈಗ ಎಲ್ಲ ಒಂದು ವ್ಯವಸ್ಥೆಗೆ ಬಂದಿದೆ. ಓದುವವರು ಒಳಗಿದ್ದರೆ ತಾನೇ ಎಸಿ ಹಾಕುವಂತಿಲ್ಲ? ನಾನು ಒಳಗಿದ್ದರೆ ಹಾಕಬಹುದು. ಮಗ ಒಂದು ಎಸಿ ಕೂಡಿಸಿಕೊಟ್ಟ. ಸವಿತಾ ಹಿಂದಿನ ಖೋಲಿಯಲ್ಲಿ ಕೌದಿಯೊಳಗೆ ಸೇರುವ ಹೊತ್ತಿಗೆ ನಾನು ಎರಡೂ ಬಾಗಿಲು ಹಾಕಿಕೊಂಡು ನವಿಲುಗಳ ನಡುವೆ ಕೂಡುತ್ತೇನೆ. ಇದಕ್ಕೆ ಮನೆಯವರೆಲ್ಲ ಇನ್ನೂ ಗೌರವದಿಂದ ‘ತಪಾಸ’ ಎಂದೇ ಅನ್ನುತ್ತಾರೆ. ಕೆಮ್ಮುತ್ತೇನೆ, ದಿನಪತ್ರಿಕೆ ಗಟ್ಟಿಯಾಗಿ ಓದುತ್ತೇನೆ, ಯಾರ ಕತೆಗೂ ಅಡ್ಡಿಯಿಲ್ಲ. ಇದನ್ನೂ ಅಲ್ಲಿಯೇ ಕುಳಿತು ಬರೆಯುತ್ತಿದ್ದೇನೆ.

ನಿನ್ನೆ ಒಳಬಾಗಿಲಿನ ಹಿಡಿಕೆ ಸಿಕ್ಕಿಕೊಂಡಿತು. ಎಳೆದೆ, ಒದ್ದೆ, ಬಾಗಿಲು ಬಡಿದೆ. ಅಷ್ಟು ದಪ್ಪ ಗೋಡೆಗಳೊಳಗೆ ಫೋನೂ ಹತ್ತುವುದಿಲ್ಲ. ಕೊನೆಗೆ ಗೋದಾಮಿನ ಗಂಟಲು ತೆಗೆದು, ಮನೆಯ ಒಬ್ಬೊಬ್ಬರ ಹೆಸರು ಹಿಡಿದು ಒದರಿದೆ. ಯಾರೂ ಬರಲಿಲ್ಲ. ಕತೆ ಮುಗಿಸಿದ ಮೇಲೆ ಸವಿತಾ ಬಂದು ಹೊರಗಿನಿಂದ ಬಾಗಿಲು ನೂಕಿ ತೆರೆದಳು. ನನ್ನ ಕೆಂಪಾದ ಮುಖ ನೋಡಿ ಗಾಬರಿಯಾಗಿ, “ಕರದಿದ್ರೇನ್ರಿ ಮಾವಾರ?” ಎಂದಳು. ಅವಳ ಕೈಯಲ್ಲಿ ಪುಸ್ತಕವಿತ್ತು. ಓದಿದ ಖುಷಿ ಇನ್ನೂ ಮುಖದ ಮೇಲಿತ್ತು.

“ಇಲ್ಲವ್ವಾ” ಎಂದೆ. “ಸುಮ್ನ ಕೂತಿದ್ದೆ.”