ಮಿಂಚು ನನ್ನನ್ನು ನಡೆಸಿದ್ದು

ಯಾರ ತಂಟೆಗೂ ಹೋಗದ ಮನುಷ್ಯ ನಾನು. ಅರಸೀಕೆರೆ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಹಿಂದೆ ಕೂತೇ ಸರ್ವೀಸ್ ಮುಗಿಸಿದವನು. ಅಂಥವನನ್ನು ನೋಡಿ ನಾಲ್ಕು ಜನ ನಗುವಂಥದ್ದು ಈಗ ವಾರಕ್ಕೊಂದಾದರೂ ನಡೆಯುತ್ತದೆ. ಕಾರಣ, ನಮ್ಮ ಮನೆಗೆ ಬಂದ ಒಂದು ನಾಯಿಮರಿ.

ಗಂಡು ನೋಡುವ ಶಾಸ್ತ್ರ

ರಿಟೈರ್ ಆದ ಮೇಲೆ ನನಗೆ ಸಕ್ಕರೆ ಕಾಯಿಲೆ ಹಿಡಿಯಿತು. ದಿನಾ ಒಂದು ಗಂಟೆ ನಡೆಯಿರಿ ಎಂದರು ಡಾಕ್ಟರು. ನಾನು ನಾಳೆಯಿಂದ ಎಂದೆ. ಹಾಗೆ ಆರು ತಿಂಗಳು ಹೇಳಿದೆ. ಹೆಂಡತಿ ಮೊದಮೊದಲು ಬೈದಳು, ಆಮೇಲೆ ಸುಮ್ಮನಾದಳು. ಅವಳು ಸುಮ್ಮನಾದಾಗಲೇ ನಾನು ಹೆದರಬೇಕಿತ್ತು.

ಹಳೇಬೀಡಿನ ಹತ್ತಿರ ಮಾದಿಹಳ್ಳಿಯಲ್ಲಿ ಒಬ್ಬರು ನಿವೃತ್ತ ನರ್ಸ್ ಇದ್ದಾರೆ. ಬೀದಿಯಲ್ಲಿ ಬಿಟ್ಟುಹೋದ ಮರಿಗಳನ್ನು ತಂದು ಸಾಕಿ, ಒಳ್ಳೆಯ ಮನೆ ಸಿಕ್ಕಿದಾಗ ಕೊಡುತ್ತಾರೆ. ಹುಲಿಕೆರೆಯ ಕಲ್ಯಾಣಿ ಪಕ್ಕದಲ್ಲಿ ಯಾರೋ ಗೋಣಿಚೀಲದಲ್ಲಿ ಕಟ್ಟಿ ಎಸೆದಿದ್ದ ಮೂರು ಮರಿಗಳಲ್ಲಿ ಒಂದೇ ಉಳಿದಿದೆ, ಬಲು ಚುರುಕು ಎಂದು ತಿಳಿದು ಹೆಂಡತಿ ನನ್ನನ್ನೂ ಹೊರಡಿಸಿದಳು.

ಆಯ್ಕೆ ಮಾಡುವವರು ನಾವು ಎಂದುಕೊಂಡು ಹೋದರೆ, ಪರೀಕ್ಷೆಗೆ ಕೂತವರೂ ನಾವೇ ಆಗಿದ್ದೆವು. ಕಾಂಪೌಂಡ್ ಎಷ್ಟೆತ್ತರ, ಮಳೆ ಬಂದರೆ ಎಲ್ಲಿ ಮಲಗಿಸುತ್ತೀರಿ, ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ನರ್ಸಮ್ಮ ವಿಚಾರಿಸಿದರು. ಕಡೆಗೆ ನನ್ನ ಕಡೆ ತಿರುಗಿ, "ಇವರು ಏನು ಮಾಡ್ತಾರೆ?" ಎಂದು ಹೆಂಡತಿಯನ್ನು ಕೇಳಿದರು.

"ಕೂತಿರ್ತಾರೆ."

"ಎಷ್ಟು ಹೊತ್ತು?"

"ಎದ್ದಿದ್ದು ನೋಡಿಲ್ಲ."

ಅಷ್ಟರಲ್ಲಿ ಮರಿ ಅಂಗಳವನ್ನು ನಾಲ್ಕು ಸುತ್ತು ಹಾಕಿ, ನನ್ನ ಪಂಚೆಯ ಚುಂಗು ಹಿಡಿದು ಎಳೆಯತೊಡಗಿತ್ತು. ನರ್ಸಮ್ಮ ನನ್ನನ್ನೂ ಮರಿಯನ್ನೂ ತೂಗಿ ನೋಡಿ, "ಹದಿನೈದು ದಿನ ಇಟ್ಕೊಂಡು ನೋಡಿ. ಸರಿಹೋಗದಿದ್ರೆ ವಾಪಸ್ ತಂದುಬಿಡಿ" ಎಂದರು.

ನಮ್ಮಿಬ್ಬರಲ್ಲಿ ಯಾರನ್ನು ಎಂದು ಅವರೂ ಹೇಳಲಿಲ್ಲ, ನನಗೂ ಕೇಳಲು ಧೈರ್ಯ ಬರಲಿಲ್ಲ.

ಬಸ್ಸಿನಲ್ಲಿ

ಮರಿಗೆ ಮಿಂಚು ಎಂದು ಹೆಸರಿಟ್ಟು, ಸಂತೆಯ ಬುಟ್ಟಿಯಲ್ಲಿ ಕೂರಿಸಿ, ಮೇಲೊಂದು ಟವೆಲ್ ಮುಚ್ಚಿ ಬಸ್ ಹತ್ತಿದೆವು. ಬುಟ್ಟಿ ನಮ್ಮ ಕಾಲ ಬಳಿ ಇತ್ತು. ಅದು ಕುಂಯ್ ಅಂದಾಗಲೆಲ್ಲ ನನ್ನ ಹೆಂಡತಿ ಬಗ್ಗಿ, "ಸುಮ್ನಿರಪ್ಪ, ಇನ್ನೇನು ಊರು ಬಂತು. ಮನೆಗೆ ಹೋದ ತಕ್ಷಣ ಮೊಸರನ್ನ ಕೊಡ್ತೀನಿ. ಕಚ್ಚಬಾರದು, ಜಾಣ ಅಲ್ವಾ?" ಎಂದು ಸಮಾಧಾನ ಮಾಡುತ್ತಿದ್ದಳು.

ಮುಂದಿನ ಸೀಟಿನ ಯಜಮಾನರಿಗೆ ಬುಟ್ಟಿ ಕಾಣುತ್ತಿರಲಿಲ್ಲ. ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದರು. ಪರಿಚಯದವರಿರಬಹುದು ಎಂದು ನಾನೂ ನಕ್ಕೆ. ಅವರ ಮುಖ ಇನ್ನಷ್ಟು ಸಪ್ಪಗಾಯಿತು. ಇಳಿಯುವ ಊರು ಬಂದಾಗ ಎದ್ದು ನಿಂತು ನನ್ನ ಹೆಂಡತಿಗೆ ಮೆಲ್ಲಗೆ ಹೇಳಿದರು:

"ಬೇಜಾರ್ ಮಾಡ್ಕಬೇಡ ಕಣವ್ವ. ನಮ್ಮಣ್ಣಂಗೂ ಹಿಂಗೇ ಆಗಿತ್ತು. ಈಗ ಎಷ್ಟೋ ವಾಸಿ ಐತೆ."

ನನ್ನ ಹೆಂಡತಿ ಕೈಮುಗಿದು, ಆಗಲಿ ಅಣ್ಣ ಎಂದಳೇ ಹೊರತು ಟವೆಲ್ ಸರಿಸಿ ತೋರಿಸಲಿಲ್ಲ.

ಹೊಸ ಬಾಡಿಗೆದಾರ

ಬೆಳಕು ಹರಿಯುವುದರೊಳಗೆ ಮಿಂಚು ನನ್ನ ಹೊದಿಕೆ ಎಳೆದು ಹಾಕುತ್ತಿತ್ತು. ಹೆಸರಿಗೆ ಹಗ್ಗ ನನ್ನ ಕೈಯಲ್ಲಿ. ಹೋಗುವುದು ಅದರ ದಾರಿಯಲ್ಲಿ. ಅದು ನಿಂತ ಕಡೆ ನಾನೂ ನಿಲ್ಲಬೇಕು. ನಿಂತರೆ ಯಾರಾದರೂ ಮಾತಾಡಿಸುತ್ತಾರೆ. ಮರಿಗೆ ಎಷ್ಟು ತಿಂಗಳು, ಏನು ಹಾಕುತ್ತೀರಿ, ಕಚ್ಚುತ್ತದೆಯೇ ಎಂದು ಕೇಳುತ್ತಾರೆ.

ಮೂರನೆಯ ದಿನ, ನಮ್ಮ ಬೀದಿಯ ನಾಲ್ಕನೇ ಮನೆಯ ಕೊಬ್ಬರಿ ವ್ಯಾಪಾರಿಗಳು ಮಿಂಚುವಿನ ತಲೆ ಸವರುತ್ತ ಬಹಳ ಪ್ರೀತಿಯಿಂದ ವಿಚಾರಿಸಿದರು:

"ಯಾವ ಮನೆಗೆ ಬಾಡಿಗೆಗೆ ಬಂದಿದೀರಿ ಸಾರ್? ನೀರು ಸರಿಯಾಗಿ ಬರ್ತಾ ಐತಾ?"

ಆ ಬೀದಿಯಲ್ಲಿ ಸ್ವಂತ ಮನೆ ಕಟ್ಟಿಕೊಂಡು ನನಗೆ ಇಪ್ಪತ್ತೆರಡು ವರ್ಷ.

ಅವರದೇನೂ ತಪ್ಪಿರಲಿಲ್ಲ. ಕಿಟಕಿಯ ಹಿಂದೆ ಕೂತವನಿಗೆ ಕಾಣುವುದು ಬರೀ ಕೈಗಳು. ಬಳೆ ತೊಟ್ಟ ಕೈ, ಮಣ್ಣು ಮೆತ್ತಿದ ಕೈ, ಅವಸರದ ಕೈ. ತಲೆಯೆತ್ತಿ ಮುಖ ನೋಡುವ ಅಭ್ಯಾಸ ನನಗೆ ಆಗಲೇ ಇಲ್ಲ. ಮನೆಗೆ ಬರುವಾಗಲೂ ಹಾಗೇ ತಲೆ ತಗ್ಗಿಸಿ ಬಂದಿದ್ದೆ. ಅದನ್ನೆಲ್ಲ ಅವರಿಗೆ ಹೇಳಲಿಲ್ಲ. ನೀರು ಚೆನ್ನಾಗಿ ಬರುತ್ತದೆ ಎಂದೆ.

ವಾಪಸ್

ಹತ್ತನೆಯ ದಿನ ಮಿಂಚು ನನ್ನ ಕನ್ನಡಕ ಅಗಿದು ಹಾಕಿತು. ಭಾನುವಾರವೇ ಇದನ್ನು ಮಾದಿಹಳ್ಳಿಗೆ ಬಿಟ್ಟು ಬರುತ್ತೇನೆ ಎಂದು ಕೂಗಾಡಿದೆ. ಹೆಂಡತಿ ಭಾನುವಾರ ಬೆಳಿಗ್ಗೆ ಬುಟ್ಟಿಯನ್ನು ತೊಳೆದು, ಒಣಗಿಸಿ, ಬಾಗಿಲಲ್ಲಿಟ್ಟಳು. ಮರಿ ತಾನಾಗಿಯೇ ಅದರೊಳಗೆ ಹೋಗಿ ಕೂತು ನನ್ನನ್ನು ನೋಡಿತು. ಎಲ್ಲಿಗೋ ಕರೆದುಕೊಂಡು ಹೋಗುತ್ತಾನೆ ಎಂಬ ಸಂಭ್ರಮ ಅದಕ್ಕೆ. ಚೀಲದಲ್ಲಿ ಕಟ್ಟಿಸಿಕೊಂಡಿದ್ದು ಮರೆತೇ ಹೋಗಿತ್ತೋ ಏನೋ. ನನಗೆ ನೆನಪಾಯಿತು.

"ಬುಟ್ಟಿ ಚಿಕ್ಕದು ಕಣೇ, ಹಿಡಿಸಲ್ಲ" ಎಂದೆ.

"ಕೂತಿದೆಯಲ್ರೀ."

"ಕೂತಿದೆ. ಆದರೆ ಆರಾಮಾಗಿಲ್ಲ."

ಅವಳು ಬುಟ್ಟಿಯನ್ನು ಅಟ್ಟಕ್ಕೇರಿಸಿದಳು.

ಜೀವ ಉಳಿಸಿದ ಕಥೆ

ನಮ್ಮ ರಸ್ತೆಯ ತಿರುವಿನಲ್ಲಿ ಹೂ ಮಾರುವ ಹೆಂಗಸೊಬ್ಬಳಿದ್ದಾಳೆ. ಬೆಳಗಿನ ಟೀ ಜೊತೆ ಬನ್ ತಿನ್ನುವಾಗ ಮಿಂಚುವಿಗೂ ಒಂದು ತುಂಡು ಕೊಡುತ್ತಿದ್ದಳು. ಆ ನೆಪದಲ್ಲಿ ನಾವಿಬ್ಬರೂ ದಿನಾ ಎರಡು ಮಾತಾಡುತ್ತಿದ್ದೆವು.

ಹೋದ ತಿಂಗಳು ಒಂದು ಬೆಳಿಗ್ಗೆ ಏನೂ ತಿನ್ನದೆ ಮಾತ್ರೆ ನುಂಗಿ ವಾಕಿಂಗ್ ಹೊರಟೆ. ಕೆರೆಯ ಹತ್ತಿರ ಕಣ್ಣು ಕತ್ತಲೆ ಬಂತು, ಮೈ ಬೆವತು ನಡುಗಿತು. ಮೋರಿಯ ಕಟ್ಟೆ ಮೇಲೆ ಕುಸಿದು ಬಿದ್ದೆ. ಕೈಯಿಂದ ಹಗ್ಗ ಜಾರಿತು. ಮಿಂಚು ನನ್ನ ಮುಖವನ್ನು ಒಮ್ಮೆ ನೋಡಿ, ತಿರುಗಿ, ಬಾಣದ ಹಾಗೆ ಓಡಿಹೋಯಿತು. ಸುತ್ತ ಯಾರೂ ಇರಲಿಲ್ಲ. ಕೂಗಲು ದನಿಯೂ ಇರಲಿಲ್ಲ. ನನ್ನ ಆಯುಷ್ಯ ಇಷ್ಟೇ ಇರಬೇಕು ಎನ್ನಿಸಿತು.

ಸ್ವಲ್ಪ ಹೊತ್ತಿಗೆ ಹೂವಿನವಳು ಗಂಡನ ಮೊಪೆಡ್ಡಿನಲ್ಲಿ ಹುಡುಕಿಕೊಂಡು ಬಂದಳು. ಅವಳ ತಂದೆಗೂ ಇದೇ ಕಾಯಿಲೆ ಇತ್ತಂತೆ. ನೋಡಿದ ಕೂಡಲೇ ತಿಳಿದು, ಸಕ್ಕರೆ ನೀರು ಕುಡಿಸಿದಳು.

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ನಾಯಿ ಓಡಿ ಹೋಗಿ ಹೂವಿನವಳ ಸೆರಗು ಹಿಡಿದೆಳೆದು ಯಜಮಾನನ ಜೀವ ಉಳಿಸಿತಂತೆ. ಕೊಬ್ಬರಿ ವ್ಯಾಪಾರಿಗಳು ಬಂದು ಮಿಂಚುವಿಗೆ ಹಾರ ಹಾಕಿದರು. ಅದು ಹಾರವನ್ನೂ ತಿಂದಿತು. ನಿಜ ಏನೆಂದು ಹೂವಿನವಳು ನನಗೊಬ್ಬನಿಗೇ ಹೇಳಿದ್ದಳು: ಅದು ಎಳೆದಿದ್ದು ಸೆರಗನ್ನಲ್ಲ, ಬನ್ನಿನ ಪೊಟ್ಟಣವನ್ನು. ನಾಯಿಯೊಂದೇ ಬಂದಿದ್ದು ಕಂಡು ಇವಳಿಗೆ ದಿಗಿಲಾಗಿತ್ತು.

ಹೆಂಡತಿಗೆ ಅದನ್ನು ಹೇಳಿದೆ. ಅವಳು, "ಬನ್ನಿಗೇ ಹೋಗಿರಲಿ ಬಿಡಿ. ಹೋದ ವರ್ಷ ಹೀಗಾಗಿದ್ರೆ, ನೀವು ಕಾಣಲಿಲ್ಲ ಅಂತ ಯಾರು ಹುಡುಕಿಕೊಂಡು ಬರ್ತಿದ್ರು?" ಎಂದಳು.

ಇಷ್ಟು ದೊಡ್ಡ ವಿಷಯವನ್ನು ನರ್ಸಮ್ಮನಿಗೆ ತಿಳಿಸದೆ ಇರಲಾದೀತೇ? ಫೋನ್ ಮಾಡಿ, ತಲೆ ಸುತ್ತಿದ್ದು, ಬಿದ್ದಿದ್ದು, ಬನ್ನು, ಮೊಪೆಡ್ಡು, ಹಾರ ಎಲ್ಲವನ್ನೂ ಹೇಳಿದೆ. ಅವರು ಉಸಿರು ಬಿಗಿಹಿಡಿದು ಕೇಳಿದರು. ಬನ್ನಿನಲ್ಲಿ ದ್ರಾಕ್ಷಿ ಇತ್ತೇ, ಪ್ಲಾಸ್ಟಿಕ್ ಏನಾದರೂ ನುಂಗಿತೇ, ಭೇದಿ ಆಯಿತೇ, ರಾತ್ರಿ ಚೆನ್ನಾಗಿ ನಿದ್ದೆ ಮಾಡಿತೇ ಎಂದು ಹತ್ತು ನಿಮಿಷ ವಿಚಾರಿಸಿ, ಹಾರದಲ್ಲಿ ದಾರ ಇದ್ದದ್ದರಿಂದ ಎರಡು ದಿನ ಗಮನವಿಡಲು ಹೇಳಿದರು. ಫೋನ್ ಇಡುವ ಮುಂಚೆ ಏನೋ ನೆನಪಾದಂತೆ ತಡೆದರು.

"ಅಂದಹಾಗೆ ಸಾರ್, ಬಿದ್ದಿದ್ದು ಯಾರು ಅಂದ್ರಿ?"