ನಾನು ಬಡಿದು ನೋಡಿ ಕೊಂಡ ಮನೆಗಾಡಿ

ಕಲ್ಲಂಗಡಿ ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಕುಮಟಾ ತಾಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಹಿರೇಗುತ್ತಿಯ ಹೆದ್ದಾರಿ ಬದಿಯಲ್ಲಿ ಇಪ್ಪತ್ತೈದು ವರ್ಷ ಮಾರಿದ್ದೇನೆ. ಬೆರಳಿನಿಂದ ಬಡಿದಾಗ ‘ಟಣ್’ ಎಂದರೆ ಕಾಯಿ, ‘ದಬ್’ ಎಂದರೆ ಹಣ್ಣು. ತಳದಲ್ಲಿ ಹಳದಿ ಕಲೆ ಇದ್ದರಂತೂ ಕಣ್ಣುಮುಚ್ಚಿ ಒಯ್ಯಬಹುದು.

ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿದೆ. ಮನೆಯಲ್ಲಿ ಮಾತಿಗೆ ಜನವಿಲ್ಲ. ಫೋನಿನಲ್ಲಿ ರಾಂಗ್ ನಂಬರ್ ಬಂದರೂ “ಊಟ ಆತಾ?” ಎಂದು ವಿಚಾರಿಸುವ ಸ್ಥಿತಿಗೆ ಇಳಿದಿದ್ದೆ! ಅಷ್ಟರಲ್ಲಿ ಭಟ್ಕಳದಲ್ಲಿ ಹಳೇ ವಿದೇಶಿ ಮನೆಗಾಡಿಯೊಂದು ಮಾರಾಟಕ್ಕಿದೆ ಎಂದು ತಿಳಿಯಿತು. ಒಳಗೇ ಹಾಸಿಗೆ, ಒಲೆ, ಸಿಂಕು. ದಿನಕ್ಕೊಂದು ಊರು, ದಿನಕ್ಕೊಬ್ಬ ಹೊಸ ನೆರೆಯವ! ಇನ್ನೇನು ಬೇಕು?

“ಮೆಕ್ಯಾನಿಕ್ ಒಬ್ಬನ್ನ ಕರ್ಕಂಡು ಹೋಗಿ ಮಾರಾಯ್ರೆ,” ಎಂದ ಪಕ್ಕದ ಮನೆಯ ಗಣಪತಿ.

“ಎಂತಕ್ಕೆ? ನನ್ ಕೈ ಸಾಲ್ದಾ?”

ಗಾಡಿಯ ಯಜಮಾನರು ಸಜ್ಜನ ಸಾಹೇಬರು. “ಹತ್ತು ಮಳೆಗಾಲ ಹೊರಗೇ ನಿಂತ ಗಾಡಿ. ಇಂಜಿನ್ ಅಡ್ಡಿಲ್ಲ. ಬಾಡಿ ಹೆಂಗಿದ್ಯೋ, ತಿಳಿದವ್ರಿಗೆ ತೋರ್ಸಿ,” ಎಂದರು.

“ನಾನೇ ಸಾಕು ಸಾಹೇಬ್ರೆ,” ಎಂದವನೇ ಸುತ್ತಲೂ ಬಡಿದೆ. ದಬ್! ದಬ್! ದಬ್! ಎಲ್ಲಿಯೂ ‘ಟಣ್’ ಇಲ್ಲ. ಅಂಗಾತ ಮಲಗಿ ತಳ ನೋಡಿದೆ. ಉದ್ದಕ್ಕೂ ಹಳದಿ! ಇಂಥ ಮಾಲು ನನ್ನ ಜನ್ಮದಲ್ಲೇ ಕಂಡಿರಲಿಲ್ಲ. ಚೌಕಾಸಿ ಕೂಡ ಮಾಡದೆ ಒಪ್ಪಿಕೊಂಡೆ.

ಹಣ್ಣಿನ ಟೆಂಪೋ ಓಡಿಸಿದ ಕೈಯಲ್ಲವೇ, ಹೊನ್ನಾವರದವರೆಗೆ ಗಾಂಭೀರ್ಯದಿಂದಲೇ ಓಡಿಸಿದೆ. ಸ್ವಂತ ಒಲೆಯಲ್ಲಿ ಒಂದು ಚಾ ಮಾಡಿ ಕುಡಿಯೋಣವೆಂದು ಬದಿಗೆ ನಿಲ್ಲಿಸಿ ಒಳಕ್ಕೆ ಕಾಲಿಟ್ಟೆ. ನೆಲ ಕುಸಿಯಿತು. ಎಡಗಾಲು ಅಡುಗೆಮನೆಯಲ್ಲಿ, ಬಲಗಾಲು ರಾಷ್ಟ್ರೀಯ ಹೆದ್ದಾರಿಯ ಮೇಲೆ!

ಎದುರಿನ ಗ್ಯಾರೇಜಿನ ಮೆಕ್ಯಾನಿಕ್ ಓಡಿ ಬಂದು ಕಾಲು ಬಿಡಿಸಿದ. “ಎಂತ ನೋಡಿ ತಗಂಡ್ರಿ ಇದನ್ನ?”

“ಬಡ್ದು ನೋಡ್ದೆ. ದಬ್ ಅಂತು.”

“ಅಯ್ಯೋ ದೇವ್ರೆ! ತಗಡು ಟಣ್ ಅನ್ಬೇಕು ಮಾರಾಯ್ರೆ. ದಬ್ ಅಂದ್ರೆ ತಗಡು ತೂತಾದಲ್ಲೆಲ್ಲ ಪುಟ್ಟಿ ಮೆತ್ತಿ ಮುಚ್ಚಿದಾರೆ ಅಂತ.”

“ಮತ್ತೆ ತಳದ ಹಳದಿ?”

“ತುಕ್ಕು! ಇನ್ನು ಇದನ್ನ ರಸ್ತೆಗೆ ಇಳಿಸ್ಬೇಡಿ.”

ಲಾರಿಯ ಮೇಲೆ ಹೇರಿಸಿಕೊಂಡು ಹಿರೇಗುತ್ತಿಗೆ ತಂದು ಅಂಗಳದಲ್ಲಿ ನಿಲ್ಲಿಸಿದೆ. ಮೊದಲ ದಿನ ನೋಡಲು ಕೇರಿಗೆ ಕೇರಿಯೇ ಬಂತು. ಎಲ್ಲರಿಗೂ ಚಾ ಕೊಟ್ಟು, ನಾನು ಬಿದ್ದ ಕಥೆ ಹೇಳಿ ನಗಿಸಿದೆ. ಎಷ್ಟೋ ದಿನಗಳ ಮೇಲೆ ಅಂಗಳದಲ್ಲಿ ಮನುಷ್ಯರ ಸದ್ದು! ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು. ಎರಡನೇ ದಿನ ಗಣಪತಿ ಒಬ್ಬನೇ ಬಂದ. ಮೂರನೇ ದಿನ ಯಾರೂ ಬರಲಿಲ್ಲ.

ಈಗ ನನಗೆ ಎರಡು ಮನೆ. ಬೆಳಿಗ್ಗೆ ಒಂದರಲ್ಲಿ ಬೇಸರ ಬಂದರೆ, ಮಧ್ಯಾಹ್ನ ಇನ್ನೊಂದಕ್ಕೆ ಹೋಗಿ ಬೇಸರಪಡುತ್ತೇನೆ!