ಆರು ಸೆಕೆಂಡು ತಡವಾದ ರೇಡಿಯೊ

ಫ್ಯಾನಿಗೆ ಹದಿನೆಂಟು ಅಂಗಿ, ಡಿಜಿಟಲ್ ರೇಡಿಯೊಗೆ ಮೂವತ್ತೊಂದು. ಟೈಲರ್ ಎಲ್ಲ ಬೆಲೆಯನ್ನೂ ತಾನು ಹೊಲಿಯಬೇಕಾದ ಅಂಗಿಗಳಲ್ಲೇ ಅಳೆಯುತ್ತಿದ್ದ. ಹೆಂಡತಿ ಫ್ಯಾನಿಗೆಂದು ಕೂಡಿಟ್ಟ ಹದಿನೆಂಟು ಅಂಗಿಯ ದುಡ್ಡಿಗೆ ಇನ್ನೂ ಹದಿಮೂರನ್ನು ಸೇರಿಸಿ, ಹಳೆಯ ರೇಡಿಯೊವನ್ನೂ ಅಂಗಡಿಯವನಿಗೇ ಕೊಟ್ಟು, ಹೊಸದನ್ನು ತಂದಿದ್ದ.

"ಗಾಳಿ ಬೀಸತ್ತಾ ಇದು?" ಎಂದಿದ್ದಳು ಹೆಂಡತಿ.

"ತಡಿಯೇ. ಇದರಿಂದಲೇ ಫ್ಯಾನ್ ಬರತ್ತೆ."

ಎಎಂ ಸ್ಟೇಷನ್ನಿನಲ್ಲಿ ಆ ವಾರವೆಲ್ಲ ದಿನಕ್ಕೊಂದು ಪ್ರಶ್ನೆ. ಮೊದಲು ಫೋನ್ ಮಾಡಿ ಸರಿಯುತ್ತರ ಹೇಳಿದವರಿಗೆ ಬಹುಮಾನ. ಹಳೆಯ ರೇಡಿಯೊದಲ್ಲಿ ಪ್ರಶ್ನೆ ಬಾಣಲೆಗೆ ಬಿದ್ದ ಸಾಸಿವೆಯಂತೆ ಚಟಪಟ ಎನ್ನುತ್ತಿತ್ತು. ಹೊಸದರಲ್ಲಿ ಅದೇ ಸ್ಟೇಷನ್ ಡಿಜಿಟಲ್ಲಾಗಿ ಬಂತು. ನಿರೂಪಕಿ ಹಾಳೆ ತಿರುಗಿಸಿದ್ದೂ ಕೇಳಿಸಿತು. ಆದರೆ ಗೆದ್ದವನು ಪಕ್ಕದ ಹೇರ್ ಕಟಿಂಗ್ ಅಂಗಡಿಯವನು. ಅವನ ಡಬ್ಬಾ ರೇಡಿಯೊ ಕೆಮ್ಮುತ್ತಲೇ ಅವನಿಗೆ ಛತ್ರಿ ಕೊಡಿಸಿತು, ಫ್ಲಾಸ್ಕ್ ಕೊಡಿಸಿತು, ಬುಧವಾರ ಟೇಬಲ್ ಫ್ಯಾನನ್ನೂ ಕೊಡಿಸಿತು.

ಶನಿವಾರ ಕೊನೆಯ ಪ್ರಶ್ನೆ, ವಾರದಲ್ಲೇ ದೊಡ್ಡ ಬಹುಮಾನ. ಬೆಳಿಗ್ಗೆಯೇ ಟೈಲರ್, ತನ್ನ ರೇಡಿಯೊಗೆ ಮಾತ್ರ ಪ್ರಶ್ನೆ ಯಾಕೆ ತಡವಾಗಿ ಬರುತ್ತದೆಂದು ಕೂಗಾಡುತ್ತ, ಕಟಿಂಗ್ ಅಂಗಡಿಗೆ ನುಗ್ಗಿದ. ಕುರ್ಚಿಯಲ್ಲಿ ರೇಡಿಯೊ ರಿಪೇರಿಯವನು ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದ.

"ನಿಮ್ಮದು ಕೆಟ್ಟಿಲ್ಲ ಟೈಲರಣ್ಣ," ಎಂದನವನು ನೊರೆಯೊಳಗಿಂದ. "ಹಳೇ ರೇಡಿಯೊ ಬಂದ ಮಾತನ್ನ ಕೊಳೆ ಸಮೇತ ಹಾಗೇ ಎಸೆಯತ್ತೆ. ನಿಮ್ಮದು ತೊಳೆದು, ಇಸ್ತ್ರಿ ಮಾಡಿ, ಮಡಚಿ ಕೊಡತ್ತೆ. ಅದಕ್ಕೆ ಆರು ಸೆಕೆಂಡು ಬೇಡ್ವಾ?"

ಟೈಲರ್ ಕಟಿಂಗಿನವನ ಕಡೆ ತಿರುಗಿದ. "ನಿನ್ನ ಡಬ್ಬಾ ಕೊಡು. ನನ್ನ ಹೊಸದು ನೀನೇ ಇಟ್ಕೋ."

ಕತ್ತಿ ಗಾಳಿಯಲ್ಲೇ ನಿಂತಿತು. "ಜ್ವರ ಗಿರ ಬಂದಿದ್ಯಾ ಅಣ್ಣ? ನೋಡಿ, ಆಮೇಲೆ ವಾಪಸ್ ಕೇಳೋ ಹಾಗಿಲ್ಲ."

"ಕೇಳಿದ್ರೆ ನನ್ನ ಅರ್ಧ ಮೀಸೆ ಬೋಳಿಸು."

ನೊರೆಯ ಮುಖದವನೇ ಸಾಕ್ಷಿಯಾದ.

ನಾಲ್ಕು ಗಂಟೆಗೆ ಟೈಲರ್ ಫೋನ್ ಹಿಡಿದು ಡಬ್ಬಾಕ್ಕೆ ಕಿವಿ ಹಚ್ಚಿದ. "ಇಂದಿನ ಪ್ರಶ್ನೆ... ಚರ್ರ್ರ್... ಎಷ್ಟು ಕಾಲು?" ಗುಂಡಿ ಒತ್ತಿದ. ತಕ್ಷಣ ಲೈನ್ ಸಿಕ್ಕಿತು!

"ಉತ್ತರ ಹೇಳಿ ಸರ್."

ಯಾರ ಕಾಲು? ಮನುಷ್ಯನದಾದರೆ ಎರಡು, ಮೇಜಿನದಾದರೆ ನಾಲ್ಕು. ಟೈಲರನ ಬಾಯಿ ಸೂಜಿ ಕಚ್ಚಿಕೊಂಡಂತೆ ಬಿಗಿಯಿತು. ಅಷ್ಟರಲ್ಲಿ ಹಲಗೆ ಗೋಡೆಯಾಚೆಯಿಂದ ಅವನದೇ ಹೊಸ ರೇಡಿಯೊ, ತೊಳೆದು ಇಸ್ತ್ರಿ ಮಾಡಿದ ದನಿಯಲ್ಲಿ, "ಜೇಡಕ್ಕೆ ಎಷ್ಟು ಕಾಲು?" ಎಂದಿತು.

"ಎಂಟು!" ಎಂದು ಕಿರುಚಿದ.

ಗೋಡೆಯಾಚೆ ಕಟಿಂಗಿನವನು, "ಅಯ್ಯೋ, ಇನ್ನೂ ಡಯಲ್ಲೇ ಮಾಡಿಲ್ಲ!" ಎಂದು ಗೋಳಾಡಿದ. ಹೆಂಡತಿ ಚಾವಣಿಯಲ್ಲಿ ಫ್ಯಾನಿಗೆಂದು ಬಿಟ್ಟಿದ್ದ ಖಾಲಿ ಕೊಕ್ಕೆಯ ಧೂಳು ಒರೆಸಿದಳು.

ಟೈಲರ್ ಸ್ಟೇಷನ್ನಿಗೆ ಸೈಕಲ್ ತುಳಿದು ಬಹುಮಾನದ ಪೆಟ್ಟಿಗೆ ತಂದ. ಬಟ್ಟೆಗಲ್ಲದೆ ಬೇರೆಯದಕ್ಕೆ ತಾಗಿಸದ ಕತ್ತರಿಯನ್ನು ಹೆಂಡತಿಯ ಕೈಗೆ ತಾನೇ ಕೊಟ್ಟ. ಅವಳು ದಾರ ಕತ್ತರಿಸಿ ಮುಚ್ಚಳ ತೆಗೆದಳು. ಒಳಗೊಂದು ಡಿಜಿಟಲ್ ರೇಡಿಯೊ. ಅದೇ ಕಂಪನಿ, ಅದೇ ಬಣ್ಣ.

"ಇದೂ ಗಾಳಿ ಬೀಸಲ್ಲ," ಎಂದಳು.

ಟೈಲರ್ ಪೆಟ್ಟಿಗೆ ಎತ್ತಿಕೊಂಡು ಪಕ್ಕಕ್ಕೆ ಓಡಿದ. "ಇದನ್ನ ತಗೋ ಮಾರಾಯ. ನಿನ್ನ ಟೇಬಲ್ ಫ್ಯಾನ್ ಕೊಡು."

"ಬೆಳಿಗ್ಗೆ ತಂದಿದ್ರೆ ಕೊಡ್ತಿದ್ದೆ ಅಣ್ಣ," ಎಂದ ಕಟಿಂಗಿನವನು, ಫ್ಯಾನಿನ ಮುಂದೆ ಮುಖವೊಡ್ಡಿ. "ಈಗ ನನ್ಹತ್ರ ಇಂಥದೇ ರೇಡಿಯೊ ಒಂದಿದೆಯಲ್ಲ, ನೀವೇ ಕೊಟ್ಟಿದ್ದು."

ಮೂವತ್ತೊಂದು ಅಂಗಿಗೆ ಟೈಲರನಿಗೆ ದಕ್ಕಿದ್ದು ಬೆಳಿಗ್ಗೆ ಇದ್ದಂಥದೇ ಒಂದು ರೇಡಿಯೊ, ಜೊತೆಗೊಂದು ಕೆಮ್ಮುವ ಡಬ್ಬಾ. ಫ್ಯಾನಿಗೆ ಇನ್ನೂ ಹದಿನೆಂಟು ಅಂಗಿ ಹೊಲಿಯಬೇಕಿತ್ತು.